ಜರೆಗೆ ಕಟ್ಟಿದ ಪಣ

ಮುಪ್ಪು ದೇಹಕ್ಕೆ ಒದಗುವ ಕೊರತೆಯೆ ಅಥವಾ ಬಾಳಿನ ಒಂದು ಘಟ್ಟವೆ ಎಂಬ ಪ್ರಶ್ನೆ ದರ್ಶನಶಾಸ್ತ್ರಕ್ಕೆ ಬಹಳ ಹಳೆಯದು; ಅದಕ್ಕೆ ತೀರ್ಪುಗಾರರನ್ನೂ ಗಡುವನ್ನೂ ಬಹುಮಾನದ ಮೊತ್ತವನ್ನೂ ಗೊತ್ತುಪಡಿಸಿದ್ದು ಮಾತ್ರ ಈ ಕಾಲದ ವಿಶೇಷ. 2003ರಲ್ಲಿ ಆರಂಭವಾದ ‘ಮೆಥೂಸೆಲಾ ಮೌಸ್ ಪ್ರೈಜ್’ ಪ್ರಯೋಗಾಲಯದ ಇಲಿಯ ಆಯುಸ್ಸನ್ನು ಹೆಚ್ಚಿಸಿದವರಿಗೆ ಹಣ ಕೊಡುವುದಾಗಿ ಹೇಳಿತ್ತು. 2023ರ ನವೆಂಬರ್‌ನಲ್ಲಿ ಸೌದಿ ಅರೇಬಿಯಾದ ರಿಯಾದ್‌ನಲ್ಲಿ ಘೋಷಣೆಯಾದ ‘ಎಕ್ಸ್‌ಪ್ರೈಜ್ ಹೆಲ್ತ್‌ಸ್ಪ್ಯಾನ್’ ಸ್ಪರ್ಧೆಯ ಗುರಿ ಬೇರೆ. ಏಳು ವರ್ಷಗಳ ಅವಧಿಯ, ಒಟ್ಟು 10 ಕೋಟಿ 10 ಲಕ್ಷ ಡಾಲರ್ ಮೊತ್ತದ ಈ ಸ್ಪರ್ಧೆಯಲ್ಲಿ ನವೋದ್ಯಮಗಳೂ ವಿಶ್ವವಿದ್ಯಾಲಯಗಳ ತಂಡಗಳೂ ಆಯುಸ್ಸಿಗಾಗಿ ಅಲ್ಲ, ಆರೋಗ್ಯಾವಧಿಗಾಗಿ, ಅಂದರೆ ಮನುಷ್ಯ ಅಶಕ್ತನಾಗದೆ ಬದುಕುವ ವರ್ಷಗಳಿಗಾಗಿ, ಸೆಣಸುತ್ತವೆ. ಒಂದು ವರ್ಷ ಅಥವಾ ಅದಕ್ಕೂ ಕಡಿಮೆ ಅವಧಿಯ ಚಿಕಿತ್ಸೆಯಿಂದ ಹಿರಿಯ ವಯಸ್ಸಿನವರ ಸ್ನಾಯು, ಬುದ್ಧಿ ಮತ್ತು ರೋಗನಿರೋಧ ಶಕ್ತಿಗಳನ್ನು ಕನಿಷ್ಠ ಹತ್ತು ವರ್ಷ ಹಿಂದಿನ ಸ್ಥಿತಿಗೆ ಒಯ್ಯಬೇಕು. ಹತ್ತು ವರ್ಷ ಹಿಂದಕ್ಕೆ ಒಯ್ದವರಿಗೆ 6.1 ಕೋಟಿ, ಹದಿನೈದಕ್ಕೆ 7.1 ಕೋಟಿ, ಇಪ್ಪತ್ತಕ್ಕೆ 8.1 ಕೋಟಿ ಡಾಲರ್ ಎಂಬುದು ಕರಾರು.

ಸ್ಪರ್ಧೆಯೆಂದ ಮೇಲೆ ಅಳತೆ ಬೇಕು, ಅಳತೆಗೆ ಅಳೆಯಬಲ್ಲ ವಸ್ತು ಬೇಕು. ಆದ್ದರಿಂದ ಇಲ್ಲಿ ಮುಪ್ಪು ಮೂರು ಶಕ್ತಿಗಳ ಕುಂದುವಿಕೆಯಾಗಿ ನಿರೂಪಿತವಾಗಿದೆ. ಈ ನಿರೂಪಣೆಯನ್ನು ಕೇವಲ ತಾಂತ್ರಿಕವೆಂದು ಬದಿಗಿರಿಸಲಾಗದು. ವಿಶ್ವ ಆರೋಗ್ಯ ಸಂಸ್ಥೆಯು ರೋಗಗಳನ್ನು ವರ್ಗೀಕರಿಸುವ ತನ್ನ ಪಟ್ಟಿಯ 11ನೆಯ ಆವೃತ್ತಿಯಲ್ಲಿ ‘ವೃದ್ಧಾಪ್ಯ’ಕ್ಕೇ ಒಂದು ಸಂಕೇತಸಂಖ್ಯೆ ಕೊಡಲು ಹೊರಟಾಗ, ಹೀಗೆ ಮಾಡಿದರೆ ವೃದ್ಧರ ನಿಜವಾದ ಕಾಯಿಲೆಗಳು ವಯಸ್ಸಿನ ಲೆಕ್ಕಕ್ಕೆ ಸೇರಿ ಚಿಕಿತ್ಸೆಯೇ ಸಿಗದೆ ಹೋಗಬಹುದೆಂದು ಹಲವರು ಆಕ್ಷೇಪಿಸಿದರು, 2022ರಲ್ಲಿ ಪಟ್ಟಿ ಜಾರಿಗೆ ಬರುವ ಮುನ್ನ ಆ ಪದವನ್ನು ಕೈಬಿಟ್ಟು, ವಯಸ್ಸಿನೊಡನೆ ಬರುವ ಸಹಜ ಸಾಮರ್ಥ್ಯದ ಇಳಿತ ಎಂಬರ್ಥದ ಮಾತನ್ನು ಇರಿಸಲಾಯಿತು. ಮುಪ್ಪಲ್ಲ, ಅದರ ಜೊತೆಗೆ ಬರುವ ಇಳಿತವಷ್ಟೇ ವೈದ್ಯನ ವಿಷಯ ಎಂಬ ಈ ನಿಲುವು ವಿವೇಕದ್ದೇ. ಆದರೆ ಇಳಿತವನ್ನೆಲ್ಲ ಕಳೆದ ಮೇಲೆ ಉಳಿಯುವ ಮುಪ್ಪು ಯಾವುದು ಎಂಬುದಕ್ಕೆ ಅದರಲ್ಲಿ ಉತ್ತರವಿಲ್ಲ.

ಭಾರತೀಯ ಚಿಂತನೆ ಜರೆಯನ್ನು ತಲೆಬಾಗಿ ಒಪ್ಪಿಕೊಳ್ಳುವುದನ್ನಷ್ಟೇ ಕಲಿಸಿತೆಂಬ ನಂಬಿಕೆ ಪ್ರಚಲಿತವಾಗಿದೆಯಾದರೂ ಅದಕ್ಕೆ ಆಧಾರ ಸಾಲದು. ಆಯುರ್ವೇದದ ಎಂಟು ಅಂಗಗಳಲ್ಲಿ ರಸಾಯನ, ಎಂದರೆ ಜರೆಯನ್ನು ತಡೆದು ದೇಹಕ್ಕೆ ಬಲ ತುಂಬುವ ಚಿಕಿತ್ಸೆ, ಒಂದು ಅಂಗವಾಗಿದೆ. ಚರಕಸಂಹಿತೆಯ ಚಿಕಿತ್ಸಾಸ್ಥಾನ ಆರಂಭವಾಗುವುದೇ ಅದರಿಂದ. ಮಹಾಭಾರತದ ವನಪರ್ವದಲ್ಲಿ ಬರುವ ಚ್ಯವನನ ಕಥೆಯಂತೂ ಇಂದಿನ ಸ್ಪರ್ಧೆಗೆ ವಿಚಿತ್ರವಾಗಿ ಹತ್ತಿರವಾಗಿದೆ. ಮುದುಕನಾದ ಋಷಿಗೆ ದೇವವೈದ್ಯರಾದ ಅಶ್ವಿನಿಗಳು ಯೌವನವನ್ನು ಮರಳಿ ಕೊಡುತ್ತಾರೆ. ಪ್ರತಿಯಾಗಿ ಋಷಿ ಅವರಿಗೆ ಯಜ್ಞದಲ್ಲಿ ಸೋಮಪಾನದ ಹಕ್ಕನ್ನು, ಎಂದರೆ ದೇವತೆಗಳ ಪಂಕ್ತಿಯಲ್ಲಿ ಸ್ಥಾನವನ್ನು, ಕೊಡಿಸಲು ಮುಂದಾಗುತ್ತಾನೆ. ಮನುಷ್ಯರ ನಡುವೆ ಓಡಾಡುವ ವೈದ್ಯರಿಗೆ ಆ ಅರ್ಹತೆಯಿಲ್ಲವೆಂದು ಇಂದ್ರ ವಜ್ರವನ್ನೆತ್ತಿದಾಗ, ಚ್ಯವನ ತನ್ನ ತಪೋಬಲದಿಂದ ಮದನೆಂಬ ಭಯಂಕರ ಅಸುರನನ್ನು ಸೃಷ್ಟಿಸಿ ಇಂದ್ರನನ್ನು ಮಣಿಸುತ್ತಾನೆ. ವೈದ್ಯರಿಗೆ ಗೌರವ ಸಂದದ್ದು ನ್ಯಾಯವೇ. ಆದರೆ ಹುಟ್ಟಿದ ಮದ ಹಾಗೆಯೇ ಅಡಗಲಿಲ್ಲ, ಅವನನ್ನು ಕುಡಿತ, ಜೂಜು, ಬೇಟೆ ಮೊದಲಾದವುಗಳಲ್ಲಿ ಹಂಚಬೇಕಾಯಿತು ಎಂದು ಕಥೆ ಹೇಳುತ್ತದೆ.

ಈ ಎರಡನ್ನೂ, ನೋವಿನ ನಿವಾರಣೆಯನ್ನೂ ಅದರ ಬೆನ್ನಿಗೆ ಬರಬಹುದಾದ ಮದವನ್ನೂ, ಅತ್ಯಂತ ಸ್ಪಷ್ಟವಾಗಿ ಬೇರ್ಪಡಿಸಿ ನೋಡಿದವನು ಬುದ್ಧ. ಜರೆ ದುಃಖವೆಂಬುದನ್ನು ಅವನು ಮೊದಲ ಆರ್ಯಸತ್ಯದಲ್ಲಿಯೇ ಹೇಳುತ್ತಾನೆ. ಆದ್ದರಿಂದ ಕುರ್ಚಿಯಿಂದ ಏಳಲಾರದ, ನೆನಪು ಕೈಕೊಡುತ್ತಿರುವ, ಸಣ್ಣ ಸೋಂಕಿಗೂ ಹಾಸಿಗೆ ಹಿಡಿಯುವ ವೃದ್ಧರ ಕಷ್ಟವನ್ನು ಕಡಿಮೆ ಮಾಡುವ ಯಾವ ಯತ್ನವನ್ನೂ ಬೌದ್ಧ ದೃಷ್ಟಿ ಹಳಿಯಬೇಕಾಗಿಲ್ಲ. ಆದರೆ ಅಂಗುತ್ತರ ನಿಕಾಯದಲ್ಲಿ ಯೌವನಮದ, ಆರೋಗ್ಯಮದ, ಜೀವಿತಮದವೆಂಬ ಮೂರು ಮದಗಳ ಮಾತೂ ಬರುತ್ತದೆ. ತನಗೂ ಮುಪ್ಪು ತಪ್ಪದಿದ್ದರೂ ಮುದುಕನಾದ ಇನ್ನೊಬ್ಬನನ್ನು ಕಂಡು ಹೇಸುವ ಮನಸ್ಸೇ ಯೌವನಮದ. ಹಿಂದಿನ ತನ್ನನ್ನೇ ಮಾನದಂಡವಾಗಿ ಇರಿಸಿಕೊಂಡು, ಅಲ್ಲಿಗೆ ಎಷ್ಟು ಹಿಂದಿರುಗಿದೆನೆಂದು ಬದುಕನ್ನು ಎಣಿಸುವ ಸ್ಪರ್ಧೆ ಆ ಹೇಸಿಕೆಯನ್ನು ಹೆಚ್ಚಿಸುವುದಿಲ್ಲವೆಂದು ಹೇಳುವುದು ಕಷ್ಟ. ಚಿಕಿತ್ಸೆಯಲ್ಲಿ ತಪ್ಪಿಲ್ಲ, ‘ಹಿಂದಕ್ಕೆ’ ಎಂಬ ದಿಕ್ಕೇ ಸಂದೇಹಾಸ್ಪದ.

ಇದಕ್ಕಿಂತ ತೊಡಕಿನ ಸಂಗತಿ ಮತ್ತೊಂದಿದೆ. ಮನುಸ್ಮೃತಿಯಲ್ಲಿ ಗೃಹಸ್ಥನು ತನ್ನ ಚರ್ಮದ ಸುಕ್ಕನ್ನೂ ನರೆಗೂದಲನ್ನೂ ಮಗನ ಮಗನನ್ನೂ ಕಂಡಾಗ ವಾನಪ್ರಸ್ಥಕ್ಕೆ, ಎಂದರೆ ಮನೆಯ ಅಧಿಕಾರವನ್ನು ಬಿಟ್ಟು ಅರಣ್ಯವಾಸಕ್ಕೆ, ಹೊರಡಬೇಕೆಂಬ ವಿಧಿಯಿದೆ. ಬಿಡಬೇಕಾದ ಹೊತ್ತನ್ನು ಅಲ್ಲಿ ದೇಹವೇ ತಿಳಿಸುತ್ತದೆ. ಮಗ ಪೂರುವಿನ ಯೌವನವನ್ನು ಪಡೆದು ಸಾವಿರ ವರ್ಷ ಭೋಗಿಸಿದ, ಮಹಾಭಾರತದ ರಾಜ ಯಯಾತಿಗೆ ದೇಹ ಹಾಗೆ ತಿಳಿಸಲಿಲ್ಲ. ಆಸೆ ಉಣಿಸಿದಷ್ಟೂ ಬೆಳೆಯುತ್ತದೆಂಬ ಅರಿವು ತಾನಾಗಿ ಮೂಡಿದ ಮೇಲೆಯೇ ಅವನು ಯೌವನವನ್ನೂ ರಾಜ್ಯವನ್ನೂ ಪೂರುವಿಗೆ ಒಪ್ಪಿಸಿ ಕಾಡಿಗೆ ಹೋದದ್ದು. ಸುಕ್ಕು ನರೆಗಳ ಮಾತು ಅತ್ತ ಇರಲಿ, ಎಂಬತ್ತರ ದೇಹಕ್ಕೆ ಅರವತ್ತರ ಕಸುವು ಬಂದರೆ ಬಿಡುವ ಹೊತ್ತನ್ನು ಯಯಾತಿಯಂತೆ ವಿವೇಕದಿಂದಲೇ ಕಂಡುಕೊಳ್ಳಬೇಕಾಗುತ್ತದೆ, ಮತ್ತು ಆ ವಿವೇಕಕ್ಕೆ ಅವನು ತೆಗೆದುಕೊಂಡ ಕಾಲವನ್ನು ನೆನೆದರೆ ಪೂರುವಿನ ತಲೆಮಾರು ಆತಂಕಪಡುವುದು ಸಹಜವೇ.

ಈ ಆತಂಕ ಬರಿಯ ಪುರಾಣದ್ದಲ್ಲ. ಭಾರತದ ಸುಪ್ರೀಂ ಕೋರ್ಟಿನ ನ್ಯಾಯಾಧೀಶರು 65ಕ್ಕೆ ನಿವೃತ್ತರಾಗುತ್ತಾರೆ; ಅಮೆರಿಕದ ಸುಪ್ರೀಂ ಕೋರ್ಟಿನವರು ಜೀವಾವಧಿ ಪೀಠದಲ್ಲಿರಬಹುದು. ಮೊದಲನೆಯದು ವಿಧಿಯೇ ಗೊತ್ತುಮಾಡಿದ ವಾನಪ್ರಸ್ಥ, ಎರಡನೆಯದು ಸಾವನ್ನೂ ಸ್ವಂತ ವಿವೇಕವನ್ನೂ ನಂಬಿದ ವ್ಯವಸ್ಥೆ. ಆರೋಗ್ಯಾವಧಿ ನಿಜಕ್ಕೂ ಹತ್ತಿಪ್ಪತ್ತು ವರ್ಷ ಬೆಳೆದರೆ, ಅಶಕ್ತತೆಯ ಹೆಸರಿನಲ್ಲಿ ಹಿರಿಯರನ್ನು ಕೆಳಗಿಳಿಸುವ ನೆಪ ಮೊದಲ ವ್ಯವಸ್ಥೆಗೆ ಉಳಿಯುವುದಿಲ್ಲ. ಕಿರಿಯರಿಗೂ ಸರದಿ ಬರಬೇಕೆಂಬ ನ್ಯಾಯದ ಮೇಲೆಯೇ ಅದು ನಿಲ್ಲಬೇಕಾಗುತ್ತದೆ, ಮತ್ತು ಗಟ್ಟಿಮುಟ್ಟಾಗಿರುವ ಮನುಷ್ಯನಿಗೆ ಆ ನ್ಯಾಯವನ್ನು ಒಪ್ಪಿಸುವುದು ಸ್ನಾಯುವಿಗೆ ಬಲ ತುಂಬುವುದಕ್ಕಿಂತ ಸುಲಭವೆಂದು ಭಾವಿಸಲು ಕಾರಣವಿಲ್ಲ.