ಹಿಟ್ಟಿನ ಕೋಳಿಯೂ ಯಂತ್ರದ ಕರಡೂ

ಆಟವೊಂದನ್ನು ರಚಿಸುವವನು ಅದರ ಮೊದಲ ಕರಡಿಗೆ ಎಷ್ಟರಮಟ್ಟಿಗೆ ಹೊಣೆಗಾರನು? ಮುಮ್ಮಡಿ ಕೃಷ್ಣರಾಜ ಒಡೆಯರು ನೂತನ ಮಣೆಯಾಟಗಳನ್ನು ಕಲ್ಪಿಸಿದ ಕಾಲದಲ್ಲಿ ಒಂದೊಂದು ಮನೆಯ ಲೆಕ್ಕವೂ ಮನುಷ್ಯನ ಕೈಯಿಂದಲೇ ಆಗಬೇಕಿತ್ತು. ಹೊಣೆ ಯಾರದೆಂಬ ಸಂಶಯಕ್ಕೆ ಎಡೆಯಿರಲಿಲ್ಲ. ಇಂದು ವಿಡಿಯೋ ಗೇಮ್ ರಚಿಸುವವನು ಕೃತಕ ಬುದ್ಧಿಮತ್ತೆಯ ಸಾಧನಕ್ಕೆ ನಾಲ್ಕು ಸಾಲು ಬರೆದುಕೊಟ್ಟರೆ, ಆಡಿ ನೋಡಬಹುದಾದ ಮಾದರಿಯು ಒಂದು ಸಂಜೆಯೊಳಗೆ ಸಿದ್ಧವಾಗುತ್ತದೆ.

ಹುಬ್ಬಳ್ಳಿಯ ತರುಣನೊಬ್ಬನು ಮುಂಡಗೋಡ ತಾಲೂಕಿನ ಅತ್ತಿವೇರಿ ಪಕ್ಷಿಧಾಮವನ್ನು ಕುರಿತು ಆಟ ಕಟ್ಟಲು ಬಯಸಿದನೆಂದು ಭಾವಿಸೋಣ. ಎರಡೂಕಾಲು ಚದರ ಕಿಲೋಮೀಟರಿಗೂ ತುಸು ಕಡಿಮೆಯಾದ ಆ ತಾಣದಲ್ಲಿ ಬಿಳಿ ಕೆಂಬರಲು, ನೀರುಕಾಗೆ, ಚಮಚಕೊಕ್ಕಿನ ಹಕ್ಕಿಗಳು ನೆಲಸುತ್ತವೆ. 'ಜಲಾಶಯದ ಹಕ್ಕಿಗಳ ಆಟ' ಎಂದಷ್ಟೇ ಕೇಳಿದರೆ ಯಂತ್ರವು ಬಂದೂಕು, ಗುರಿ, ಅಂಕಗಳನ್ನು ಮುಂದಿಟ್ಟರೆ ಅಚ್ಚರಿಯಿಲ್ಲ. ಅದು ಕಲಿತದ್ದು ಹಿಂದಿನ ಆಟಗಳಿಂದ. ಬಾತುಗಳನ್ನು ಹೊಡೆದುರುಳಿಸುವ ನಿಂಟೆಂಡೊ ಸಂಸ್ಥೆಯ 'ಡಕ್ ಹಂಟ್' 1984ರಷ್ಟು ಹಳೆಯದು. ತರುಣನು ಒಂದು ಗಂಟೆ ಆಡಿದನು, ಅಳಿಸಿದನು. ಒಂದು ಗರಿಯೂ ಉದುರಲಿಲ್ಲ. ದೋಷವೆಲ್ಲಿ ಬಂತು?

1209ರಲ್ಲಿ ಜನ್ನನು ರಚಿಸಿದ ಯಶೋಧರ ಚರಿತೆ ವಾಚಕರಿಗೆ ನೆನಪಾಗದಿರದು. ತಾಯಿಯ ಒತ್ತಾಯಕ್ಕೆ ಮಣಿದ ಅರಸನು ಜೀವಬಲಿಗೆ ಬದಲಾಗಿ ಹಿಟ್ಟಿನ ಕೋಳಿಯನ್ನು ಕಡಿದನು. ಸತ್ತದ್ದು ಹಿಟ್ಟಾದರೂ ಸಂಕಲ್ಪಹಿಂಸೆಯ ಫಲವಾಗಿ ತಾಯಿ ಮಗ ಇಬ್ಬರೂ ಪ್ರಾಣಿಜನ್ಮಗಳಲ್ಲಿ ತೊಳಲಿದರು. ಆದರೆ ಈ ತರುಣನನ್ನು ಅದೇ ತಕ್ಕಡಿಯಲ್ಲಿ ತೂಗುವುದು ಆತುರದ ಮಾತಾದೀತು. ಅರಸನು ಫಲಾಪೇಕ್ಷೆಯಿಂದ, ಕೊಲೆಯ ಬದಲಿಗೆಂದೇ ಕಡಿದನು. ತರುಣನು ಕೊಲ್ಲಲು ಕೇಳಲೇ ಇಲ್ಲ.

ತತ್ತ್ವಾರ್ಥಸೂತ್ರದ ಆರನೆಯ ಅಧ್ಯಾಯವು ಸಂರಂಭ, ಸಮಾರಂಭ, ಆರಂಭಗಳೆಂದು ಕ್ರಿಯೆಯ ಮೂರು ಹಂತಗಳನ್ನು ಬೇರ್ಪಡಿಸಿ, ಮನ ವಚನ ಕಾಯಗಳಿಂದಲೂ, ಕೃತ ಕಾರಿತ ಅನುಮತಗಳಿಂದಲೂ, ನಾಲ್ಕು ಕಷಾಯಗಳಿಂದಲೂ ಗುಣಿಸಿ 108 ಭೇದಗಳನ್ನು ಹೇಳುತ್ತದೆ. ಈ ಸೂಕ್ಷ್ಮತೆ ಇಲ್ಲಿ ಬಹಳ ಉಪಯುಕ್ತ. ಯಂತ್ರಕ್ಕೆ ಕಷಾಯವಿಲ್ಲ, ಆದುದರಿಂದ ಈ ಜೋಡಿಯಲ್ಲಿ ಕ್ರೋಧ ಲೋಭಗಳೇನಾದರೂ ಇದ್ದರೆ ಅವೆಲ್ಲವೂ ಮನುಷ್ಯನವೇ. ಕೇಳದೆ ಬಂದ ಬಂದೂಕು ಅವನದಲ್ಲದಿರಬಹುದು. 'ಚೆನ್ನಾಗಿದೆ, ರಕ್ತ ಇನ್ನಷ್ಟು ಕೆಂಪಗಿರಲಿ' ಎಂದು ಅವನು ಎರಡನೆಯ ಸಲ ಬರೆದನೆನ್ನಿ, ಆಗ ಅನುಮತವೂ ಕಾರಿತವೂ ಒಟ್ಟಿಗೆ ಕೂಡಿದವು. ಕರಡನ್ನು ಯಾರೂ ನೋಡುವುದಿಲ್ಲವೆಂಬ ಸಮಾಧಾನ ಇಲ್ಲಿ ಸಲ್ಲದು.

ಯಂತ್ರವು ಅನ್ಯರ ಚಿತ್ರಗಳನ್ನು ಅವರ ಒಪ್ಪಿಗೆಯಿಲ್ಲದೆ ಅರಗಿಸಿಕೊಂಡಿದ್ದರೆ ಅದತ್ತಾದಾನದ ಪ್ರಶ್ನೆಯೂ ಏಳುತ್ತದೆ. ಆಟಗಳ ಮಾರಾಟತಾಣವಾದ ಸ್ಟೀಮ್ 2024ರ ಜನವರಿಯಲ್ಲಿ ಇಂಥ ಬಳಕೆಯನ್ನು ಘೋಷಿಸಬೇಕೆಂಬ ನಿಯಮವನ್ನು ತಂದಿತು. ಅದು ಆಟದಲ್ಲಿ ಉಳಿದದ್ದಕ್ಕೆ, ಎಸೆದ ಕರಡಿಗಲ್ಲ.

ವೇಗವನ್ನು ಹಳಿಯುವುದೂ ಸರಿಯಲ್ಲ. ಆರು ತಿಂಗಳು ಬೆವರು ಸುರಿಸಿ ಕಟ್ಟಿದ ಬೇಟೆಯಾಟವನ್ನು ಬಿಡಲು ಮೋಹ ಅಡ್ಡಬರುತ್ತದೆ; ಒಂದು ಸಂಜೆಯದನ್ನು ಬಿಡುವುದು ಸುಲಭ. ಬಿಟ್ಟ ಮೇಲೆ ತರುಣನು ಬೇರೆಯದನ್ನು ಕೇಳಬಹುದು: ದೂರ ನಿಂತು ಎಣಿಸಿದವನಿಗೇ ಅಂಕ, ಗೂಡಿನ ಬಳಿ ಸುಳಿದರೆ ಹಕ್ಕಿಗಳೆಲ್ಲ ಎದ್ದುಹೋಗಿ ಲೆಕ್ಕ ಸೊನ್ನೆ. ಇಂಥ ನಿಯಮವನ್ನು ಯಂತ್ರವು ತಾನಾಗಿ ಮುಂದಿಡುವುದು ವಿರಳ, ಕೇಳಿದರೆ ಅದನ್ನೂ ಅದೇ ಸಂಜೆ ಕಟ್ಟಿಕೊಡುತ್ತದೆ.