ಹುಟ್ಟಿದ ದಿನದ ಸಾಕ್ಷಿ

ನಾನು ಹುಟ್ಟಿದ್ದು ಜೂನ್ ೧ನೆಯ ತಾರೀಖು ಎಂದು ಸರಕಾರ ನಂಬಿದೆ. ನಮ್ಮ ತಾಯಿ ನಂಬಿಲ್ಲ. ಆಕೆಯ ಲೆಕ್ಕದಲ್ಲಿ ನಾನು ಹುಟ್ಟಿದ್ದು ಮಹಾನವಮಿಯ ಮರುವಾರ. ಹೊಲದಲ್ಲಿ ರಾಗಿ ತೆನೆ ಬಿಟ್ಟಿತ್ತಂತೆ. ಶಾಲೆಗೆ ಸೇರಿಸಲು ಹೋದ ದಿನ ಮೇಷ್ಟರು ತಾರೀಖು ಕೇಳಿದರು; ತಂದೆಯವರು ಮಹಾನವಮಿ, ರಾಗಿತೆನೆ ಎಂದೆಲ್ಲ ಹೇಳಿದರು; ಮೇಷ್ಟರು ತಲೆಯಾಡಿಸುತ್ತ ಕೇಳಿ ಜೂನ್ ೧ ಎಂದು ಬರೆದುಕೊಂಡರು. ನನ್ನ ತಲೆಮಾರಿನವರ ದಾಖಲೆಗಳನ್ನು ನಂಬುವುದಾದರೆ ಆ ಒಂದು ದಿನ ಕನ್ನಡನಾಡಿನ ಸೂಲಗಿತ್ತಿಯರಿಗೆ ಊಟಕ್ಕೂ ಬಿಡುವು ಸಿಕ್ಕಿರಲಾರದು. ಜನನ ಮರಣಗಳ ನೋಂದಣಿ ಕಡ್ಡಾಯವೆಂಬ ಕಾಯಿದೆ ೧೯೬೯ರಲ್ಲೇ ಬಂದಿತ್ತು. ಆದರೆ ಕಾಯಿದೆ ನಮ್ಮೂರಿನ ಕೇರಿಯವರೆಗೆ ನಡೆದು ಬರಲು ಇನ್ನೂ ಬಹಳ ಕಾಲ ಹಿಡಿಯಿತು.

ಈ ಸುಳ್ಳಿನಿಂದ ಯಾರಿಗೂ ಕೇಡಾಗಲಿಲ್ಲವೆಂದೇ ನಾನು ಬಹುಕಾಲ ತಿಳಿದಿದ್ದೆ. ಹಾಗೆ ತಿಳಿದಿದ್ದುದು ಸರಿಯೇ ಎಂಬ ಅನುಮಾನವನ್ನು ನನ್ನಲ್ಲಿ ಹುಟ್ಟಿಸಿದ್ದು, ಆಶ್ಚರ್ಯವೆಂದರೆ, ಕಾಲ್ಚೆಂಡಾಟ.

ಎಳೆಯರ ಅಂತರರಾಷ್ಟ್ರೀಯ ಫುಟ್‌ಬಾಲ್ ಪಂದ್ಯಾವಳಿಗಳನ್ನು ವಾಚಕರು ಕೇಳಿರಬಹುದು. ಇಪ್ಪತ್ತರ ಒಳಗಿನವರ ಜಾಗತಿಕ ಸ್ಪರ್ಧೆ ೧೯೭೭ರಲ್ಲಿ ಟ್ಯುನೀಸಿಯದಲ್ಲಿ ಮೊದಲಾಯಿತು. ಹದಿನಾರರ ಒಳಗಿನವರದು ೧೯೮೫ರಲ್ಲಿ ಚೀನದಲ್ಲಿ ಮೊದಲಾಗಿ, ೧೯೯೧ರಿಂದ ಹದಿನೇಳರ ಒಳಗಿನವರದಾಯಿತು. ಮುಖ್ಯ ಪಂದ್ಯಾವಳಿಗೆ ಹೋಗಬೇಕಾದರೆ ಪ್ರತಿಯೊಂದು ಖಂಡದಲ್ಲೂ ಅರ್ಹತಾ ಸುತ್ತುಗಳು ನಡೆಯುತ್ತವೆ. ಪತ್ರಿಕೆಗಳಲ್ಲಿ ಅವುಗಳಿಗೆ ಸಿಗುವ ಜಾಗ ಅಂಗೈಯಗಲ. ನೋಡುವವರೂ ವಿರಳ. ಆದರೆ ನ್ಯಾಯಾನ್ಯಾಯದ ಪ್ರಶ್ನೆ ನಿಜವಾಗಿ ಏಳುವುದು ಅಲ್ಲಿಯೇ ಎಂದು ನನಗನಿಸುತ್ತದೆ. ದೊಡ್ಡವರ ವಿಶ್ವಕಪ್ಪಿನ ಅರ್ಹತೆಯಲ್ಲಿ ಸೋತವನು ನಾಲ್ಕು ವರ್ಷ ಕಾದು ಮತ್ತೆ ಬರಬಹುದು. ಹದಿನಾರರ ಹುಡುಗ ಸೋತರೆ ಅವನ ಪಾಲಿಗೆ ಬಾಗಿಲು ಮುಚ್ಚಿತು. ಮುಂದಿನ ಸಲದ ಹೊತ್ತಿಗೆ ಅವನು ಆ ವಯಸ್ಸಿನವನೇ ಅಲ್ಲ. ಕಳೆದುಹೋದ ಹಣವನ್ನು ಗಳಿಸಬಹುದು, ಕಳೆದುಹೋದ ಹದಿನಾರನ್ನು ಎಲ್ಲಿಂದ ತರುವುದು?

ಆ ಬಾಗಿಲಲ್ಲಿ ಕೇಳುವ ಪ್ರಶ್ನೆಯಾದರೂ ಯಾವುದು? ನಿನಗೆ ಎಷ್ಟು ಆಟ ಬರುತ್ತದೆ ಎಂದಲ್ಲ. ನೀನು ಹುಟ್ಟಿದ್ದು ಯಾವಾಗ ಎಂದು. ೨೦೧೭ರಲ್ಲಿ ನಮ್ಮ ದೇಶದಲ್ಲೇ ನಡೆದ ಹದಿನೇಳರ ಒಳಗಿನವರ ವಿಶ್ವಕಪ್ಪಿಗೆ ೨೦೦೦ನೆಯ ಇಸವಿ ಜನವರಿ ೧ರಂದಾಗಲಿ ಅನಂತರವಾಗಲಿ ಹುಟ್ಟಿದವರು ಅರ್ಹರು. ಹಿಂದಿನ ರಾತ್ರಿ ಹನ್ನೊಂದಕ್ಕೆ ಹುಟ್ಟಿದ್ದರೆ ಅನರ್ಹ. (ನಾವು ಅತಿಥೇಯರಾದ್ದರಿಂದ ಅರ್ಹತಾ ಸುತ್ತು ಆಡದೆಯೇ ಒಳಗೆ ಹೋದೆವು. ಮದುವೆಯ ಮನೆಯವರನ್ನು ಬಾಗಿಲಲ್ಲಿ ತಡೆಯುವವರುಂಟೆ?) ಗೆರೆಯೊಂದನ್ನು ಎಲ್ಲಾದರೂ ಎಳೆಯಲೇಬೇಕು, ಒಪ್ಪಿದೆ. ಗೆರೆಯಿದ್ದ ಮೇಲೆ ಅದನ್ನು ಕದ್ದು ದಾಟುವವರೂ ಇರುತ್ತಾರೆ.

ದಾಟಿದವರ ಕಥೆಗಳಲ್ಲಿ ಮೆಕ್ಸಿಕೊ ದೇಶದ್ದು ಪ್ರಸಿದ್ಧವಾದದ್ದು. ೧೯೮೯ರಲ್ಲಿ ಸೌದಿ ಅರೇಬಿಯದಲ್ಲಿ ನಡೆಯಲಿದ್ದ ಇಪ್ಪತ್ತರ ಒಳಗಿನವರ ಪಂದ್ಯಾವಳಿಗೆ ಹಿಂದಿನ ವರ್ಷ ಗ್ವಾಟೆಮಾಲದಲ್ಲಿ ಅರ್ಹತಾ ಸ್ಪರ್ಧೆ ನಡೆಯಿತು. ಮೆಕ್ಸಿಕೊ ತಂಡದಲ್ಲಿ ನಾಲ್ವರು ವಯಸ್ಸು ಮೀರಿದವರಿದ್ದರು. ಅದು ಬಯಲಾದ ರೀತಿ ಸ್ವಾರಸ್ಯವಾಗಿದೆ. ಅಂತೋನಿಯೊ ಮೊರೆನೊ ಎಂಬ ಪತ್ರಕರ್ತರು ಆ ದೇಶದ ಫುಟ್‌ಬಾಲ್ ಸಂಸ್ಥೆಯೇ ಅಚ್ಚು ಹಾಕಿಸಿದ್ದ ವಾರ್ಷಿಕ ಪುಸ್ತಕವನ್ನು ತಿರುವಿದರು. ಅಲ್ಲಿ ಹುಡುಗರ ನಿಜವಾದ ತಾರೀಖುಗಳಿದ್ದವು! ಸುಳ್ಳು ಹೇಳುವವನಿಗೆ ನೆನಪು ಚೆನ್ನಾಗಿರಬೇಕು ಎನ್ನುತ್ತಾರೆ. ಸಂಸ್ಥೆಗಳಿಗೆ ಅಷ್ಟು ನೆನಪು ಎಲ್ಲಿಂದ ಬರಬೇಕು? ಫಿಫಾ ಮೆಕ್ಸಿಕೊದ ಎಲ್ಲ ತಂಡಗಳನ್ನೂ ಎರಡು ವರ್ಷ ಹೊರಗಿಟ್ಟಿತು. ಸೋಲ್ ಒಲಿಂಪಿಕ್ಸಿಗೆ ಗೆದ್ದುಕೊಂಡಿದ್ದ ಸ್ಥಾನ ಗ್ವಾಟೆಮಾಲಕ್ಕೆ ಹೋಯಿತು. ೧೯೯೦ರ ವಿಶ್ವಕಪ್ಪೂ ತಪ್ಪಿತು. ಆ ದೇಶದ ಮಹಾ ಆಟಗಾರ ಹ್ಯೂಗೊ ಸಾಂಚೆಸ್ ೧೯೮೯–೯೦ರ ಸ್ಪ್ಯಾನಿಷ್ ಲೀಗಿನಲ್ಲಿ ರಿಯಲ್ ಮ್ಯಾಡ್ರಿಡ್ ಪರವಾಗಿ ೩೮ ಗೋಲು ಹೊಡೆದಿದ್ದರು. ತಮ್ಮ ಶಕ್ತಿಯ ಉತ್ತುಂಗದಲ್ಲಿದ್ದ ಅವರು ಇಟಲಿಯ ವಿಶ್ವಕಪ್ಪಿನಲ್ಲಿ ಆಡಲಿಲ್ಲ. ಯಾರೋ ಬರೆದ ಸುಳ್ಳು ತಾರೀಖಿನ ಬೆಲೆಯನ್ನು ಅವರು ತೆತ್ತರು.

ಇದು ನ್ಯಾಯವೆ? ಮೊದಲು ನನಗೆ ಅನ್ಯಾಯವೆಂದೇ ತೋರಿತು. ಆಮೇಲೆ ಇನ್ನೊಂದು ಬಗೆಯಲ್ಲಿ ಯೋಚಿಸಿದೆ. ತಂಡ ಗೆದ್ದಾಗ ನಾವು ಗೆದ್ದೆವು ಎಂದು ಇಡೀ ದೇಶ ಕುಣಿಯುತ್ತದೆಯಲ್ಲ, ಸುಳ್ಳು ಬಯಲಾದಾಗ ಅದು ಅವರ ಸುಳ್ಳು, ನಮ್ಮದಲ್ಲ ಎಂದರೆ ನಡೆಯುತ್ತದೆಯೆ? ಈ ವಾದದಲ್ಲಿ ಬಲವಿದೆ. ಆದರೆ ಎಳೆಯರ ವಿಷಯಕ್ಕೆ ಬಂದಾಗ ಇದು ಕೈಕೊಡುತ್ತದೆ. ೧೯೮೯ರಲ್ಲಿ ಇಂಥದೇ ಕಾರಣಕ್ಕಾಗಿ, ಅಂದರೆ ಬೇರೆ ಬೇರೆ ಪಂದ್ಯಾವಳಿಗಳಲ್ಲಿ ಒಬ್ಬನೇ ಆಟಗಾರನಿಗೆ ಬೇರೆ ಬೇರೆ ಹುಟ್ಟಿದ ದಿನಗಳು ಕಂಡುಬಂದುದಕ್ಕಾಗಿ, ನೈಜೀರಿಯದ ಎಳೆಯರ ತಂಡಗಳಿಗೆ ಎರಡು ವರ್ಷ ನಿಷೇಧ ಬಿತ್ತು. ೧೯೯೧ರ ಪಂದ್ಯಾವಳಿಯನ್ನು ನಡೆಸುವ ಹಕ್ಕೂ ಕೈತಪ್ಪಿ ಪೋರ್ಚುಗಲ್ಲಿಗೆ ಹೋಯಿತು. ತಪ್ಪು ಮಾಡಿದ ಹುಡುಗರು ಆ ಹೊತ್ತಿಗೆ ವಯಸ್ಸು ಮೀರಿ ಹೊರಗೆ ನಡೆದಿದ್ದರು. ಶಿಕ್ಷೆ ತಗುಲಿದ್ದು ಅವರ ಹಿಂದೆ ಬೆಳೆದು ಬರುತ್ತಿದ್ದ, ಇನ್ನೂ ಯಾವ ಸುಳ್ಳನ್ನೂ ಹೇಳದಿದ್ದ ಹುಡುಗರಿಗೆ. ಎರಡು ವರ್ಷವೆಂದರೆ ಅವರ ಪಾಲಿಗೆ ಪೂರಾ ಆಯುಷ್ಯ.

ಕನ್ನಡ ಮೇಷ್ಟರ ಬುದ್ಧಿ ಇಂಥಲ್ಲೆಲ್ಲ ಭಾರತದ ಕಡೆಗೆ ಓಡುತ್ತದೆ, ವಾಚಕರು ಮನ್ನಿಸಬೇಕು. ಕುರುಕುಮಾರರ ವಿದ್ಯಾಪ್ರದರ್ಶನದ ರಂಗದಲ್ಲಿ ಕರ್ಣ ಬಂದು ನಿಂತ. ಅವನ ಬಿಲ್ಲುಗಾರಿಕೆಯನ್ನು ಯಾರೂ ಅಲ್ಲಗಳೆಯಲಿಲ್ಲ. ಕೃಪ ಕೇಳಿದ್ದು ಹುಟ್ಟನ್ನು. ಕರ್ಣನಲ್ಲಿ ಉತ್ತರವಿರಲಿಲ್ಲ. ಉತ್ತರವಿದ್ದವಳು ಪ್ರೇಕ್ಷಕರ ನಡುವೆ ಬಾಯಿ ಕಟ್ಟಿ ಕುಳಿತಿದ್ದಳು. ಎಳೆಯರ ಆಟದಲ್ಲೂ ಹೀಗೆಯೇ. ಹುಡುಗನ ಹುಟ್ಟಿನ ಸತ್ಯ ಅವನ ಕೈಯಲ್ಲಿಲ್ಲ, ಅದು ಹಿರಿಯರ ಕೈಯಲ್ಲಿದೆ. ಹನ್ನೆರಡು ವರ್ಷದ ಹುಡುಗನನ್ನು ತರಬೇತುದಾರನೋ ಚಿಕ್ಕಪ್ಪನೋ ಹತ್ತು ಎಂದು ಬರೆಸುತ್ತಾನೆ. ಮನೆಯಲ್ಲಿ ಬಡತನ, ಯಾವುದೋ ಯೂರೋಪಿನ ಕ್ಲಬ್ಬಿನ ಕಣ್ಣಿಗೆ ಬಿದ್ದರೆ ತಂಗಿಯ ಮದುವೆಯಾದೀತು, ಮನೆಗೆ ಹೆಂಚು ಬಂದೀತು. ಹುಡುಗನಿಗೆ ಇದೆಲ್ಲ ತಿಳಿಯುವ ಹೊತ್ತಿಗೆ ಅವನ ಬದುಕು ಪೂರ್ತಿ ಆ ಎರಡು ವರ್ಷದ ಸುಳ್ಳಿನ ಮೇಲೆ ನಿಂತಿರುತ್ತದೆ. ಈಗ ನಿಜ ಹೇಳು ಎಂದು ಅವನಿಗೆ ಹೇಳುವುದು ನಮಗೆ ಸುಲಭ.

ಕರ್ಣನದೇ ಇನ್ನೊಂದು ಪ್ರಸಂಗವಿದೆಯಲ್ಲ. ಅಲ್ಲಿ ಅವನು ತಾನೇ ಸುಳ್ಳು ಹೇಳಿದ. ಬ್ರಾಹ್ಮಣನೆಂದು ಹೇಳಿಕೊಂಡು ಪರಶುರಾಮನಲ್ಲಿ ವಿದ್ಯೆ ಕಲಿತ. ಹುಳು ತೊಡೆಯನ್ನು ಕೊರೆದರೂ ಅಲುಗದೆ ಕುಳಿತ. ಆ ಸೈರಣೆಯೇ ಅವನನ್ನು ಬಯಲು ಮಾಡಿತು. ಬಾಯಿ ಒಂದು ಹೇಳಿತು, ದೇಹ ಇನ್ನೊಂದು ಹೇಳಿತು. ಗುರು ದೇಹವನ್ನು ನಂಬಿದ.

ಫಿಫಾ ಕೂಡ ಕೊನೆಗೆ ದೇಹದ ಸಾಕ್ಷಿಗೇ ಮೊರೆಹೋಯಿತು. ೨೦೦೯ರಲ್ಲಿ ನೈಜೀರಿಯದಲ್ಲಿ ನಡೆದ ಹದಿನೇಳರ ಒಳಗಿನವರ ವಿಶ್ವಕಪ್ಪಿನಿಂದ ಮಣಿಕಟ್ಟಿನ ಎಂ.ಆರ್.ಐ. ಪರೀಕ್ಷೆ ಬಂತು. ಕ್ಷ-ಕಿರಣದಂತೆ ಅಲ್ಲ, ಇಲ್ಲಿ ಕೆಲಸ ಮಾಡುವುದು ಕಾಂತಶಕ್ತಿ, ಮಕ್ಕಳಿಗೆ ಅಪಾಯವಿಲ್ಲ. ಮುಂಗೈಯ ಮೂಳೆಯ ತುದಿಯಲ್ಲಿ ಬೆಳವಣಿಗೆ ನಡೆಯುವ ಒಂದು ಪಟ್ಟಿಯಿರುತ್ತದೆ. ಬೆಳೆಯುವುದು ಮುಗಿದಾಗ ಅದು ಮೂಳೆಯೊಂದಿಗೆ ಬೆಸೆದುಹೋಗುತ್ತದೆ. ಹದಿನೇಳು ತುಂಬುವ ಮೊದಲೇ ಪೂರ್ತಿ ಬೆಸೆಯುವುದು ಬಹಳ ಅಪರೂಪ. ಬೆಸೆದಿದ್ದರೆ ಹುಡುಗ ಹೊರಗೆ. ಆಫ್ರಿಕದ ಅರ್ಹತಾ ಸುತ್ತುಗಳಲ್ಲೂ ಈ ಪರೀಕ್ಷೆ ನೆಲೆಗೊಂಡಿತು. ೨೦೨೩ರ ಜನವರಿಯಲ್ಲಿ ಕ್ಯಾಮರೂನಿನ ಲಿಂಬೆ ನಗರದಲ್ಲಿ ನಡೆಯಬೇಕಾಗಿದ್ದ ಅರ್ಹತಾ ಪಂದ್ಯಗಳಿಗೆ ಮುಂಚೆ, ಹಿಂದೆ ತಾನೇ ದೊಡ್ಡ ಆಟಗಾರನಾಗಿದ್ದು ಅಂದು ಆ ದೇಶದ ಸಂಸ್ಥೆಯ ಅಧ್ಯಕ್ಷರಾಗಿದ್ದ ಸ್ಯಾಮ್ಯುಯಲ್ ಎಟೊ ತಮ್ಮ ಮೂವತ್ತು ಹುಡುಗರಿಗೂ ಪರೀಕ್ಷೆ ಮಾಡಿಸಿದರು. ಇಪ್ಪತ್ತೊಂದು ಮಂದಿ ಹೊರಬಿದ್ದರು. ತಂಡವನ್ನು ಹೊಸದಾಗಿ ಕಟ್ಟಬೇಕಾಯಿತು. ಮನೆಯ ಕಸವನ್ನು ನೆರೆಯವರು ಎತ್ತಿ ತೋರಿಸುವ ಮೊದಲು ತಾವೇ ಗುಡಿಸಿದರಲ್ಲ, ಅದು ಸಣ್ಣ ಮಾತಲ್ಲ.

ಆ ಇಪ್ಪತ್ತೊಂದು ಹುಡುಗರಿಗೆ ಆದದ್ದು ಶಿಕ್ಷೆಯೆ? ನನಗೆ ಹಾಗೆನಿಸುವುದಿಲ್ಲ. ಬಸ್ಸಿನಲ್ಲಿ ಇನ್ನೊಬ್ಬರ ಸೀಟಿನಲ್ಲಿ ತಿಳಿಯದೆ ಕುಳಿತವನು ಏಳಬೇಕಾಗುತ್ತದೆ; ಎದ್ದುದರಿಂದ ಅವನು ಕಳ್ಳನಾಗುವುದಿಲ್ಲ. ತಾರೀಖು ತಿದ್ದಿದ ಹಿರಿಯನಿಗೆ ಶಿಕ್ಷೆಯಾಗಲಿ, ಹುಡುಗ ಜಾಗ ಬಿಡಲಿ. ಏಕೆಂದರೆ ಆ ಜಾಗದ ನಿಜವಾದ ಹಕ್ಕುದಾರ, ನಮಗೆ ಹೆಸರೂ ತಿಳಿಯದ ಯಾರೋ ಹದಿನಾರರ ಹುಡುಗ, ಎಲ್ಲೋ ಬರಿಗಾಲಿನಲ್ಲಿ ಚೆಂಡು ಒದೆಯುತ್ತ ನಿಂತಿದ್ದಾನೆ.

ಇಷ್ಟು ಹೇಳಿದ ಮೇಲೂ ಒಂದು ಮುಳ್ಳು ಉಳಿಯುತ್ತದೆ. ಅಪರೂಪ ಎಂದೆನಲ್ಲ, ಅದರರ್ಥ ಇಲ್ಲವೇ ಇಲ್ಲ ಎಂದಲ್ಲ. ನಿಜವಾಗಿ ಹದಿನಾರೇ ಆಗಿದ್ದು ಮೂಳೆ ಬೇಗ ಬೆಸೆದವನೊಬ್ಬ ಎಲ್ಲೋ ಇರುತ್ತಾನೆ. ಮೂಳೆಗೆ ಪಂಚಾಂಗ ಗೊತ್ತಿಲ್ಲ. ಅವನ ಕೈಯಲ್ಲಿ ನಿಜವಾದ ಜನನಪತ್ರವಿದ್ದರೂ ನಂಬುವವರಿಲ್ಲ. ಉಳಿದವರ ಸುಳ್ಳುಗಳು ಅವನ ಸತ್ಯದ ಬೆಲೆಯನ್ನೂ ಇಳಿಸಿಬಿಟ್ಟಿವೆ. ಐದು ವರ್ಷದೊಳಗಿನ ನಾಲ್ಕು ಮಕ್ಕಳಲ್ಲಿ ಒಂದು ಮಗುವಿನ ಹುಟ್ಟು ಎಲ್ಲಿಯೂ ದಾಖಲಾಗಿಲ್ಲವೆಂದು ಯುನಿಸೆಫ್ ೨೦೧೯ರಲ್ಲಿ ಅಂದಾಜು ಮಾಡಿತ್ತು. ಅಂಥ ಮಗುವಿನ ಬಳಿ ಕಾಗದವೇ ಇಲ್ಲ, ಸುಳ್ಳು ಕಾಗದ ಕೂಡ.

ಸುಮಾರು ಹನ್ನೆರಡು ವರ್ಷಗಳ ಹಿಂದೆ ನನ್ನ ತರಗತಿಯಲ್ಲೊಬ್ಬ ಹುಡುಗನಿದ್ದ. ಹಳಗನ್ನಡವೆಂದರೆ ಅವನಿಗೆ ಜ್ವರ, ಚೆಂಡೆಂದರೆ ಪ್ರಾಣ. ಹದಿನೇಳರ ಒಳಗಿನವರ ಒಂದು ಆಯ್ಕೆ ಶಿಬಿರಕ್ಕೆ ಹೋಗಿ, ದಾಖಲೆ ನೋಡಿದವರಿಂದ ಹಿಂದಕ್ಕೆ ಕಳುಹಿಸಲ್ಪಟ್ಟ. ಅಂಕಪಟ್ಟಿಯ ಪ್ರಕಾರ ಅವನು ಏಳು ತಿಂಗಳು ದೊಡ್ಡವನು. ಹುಟ್ಟಿದ ದಿನ, ಹೇಳಬೇಕಾದ್ದಿಲ್ಲ, ಜೂನ್ ೧. ಮರುದಿನ ಅವನ ತಂದೆ ಕಾಲೇಜಿಗೆ ಬಂದರು. “ಸಾರ್, ಇವ್ನು ಹುಟ್ಟಿದ್ದು ಅದರ ಮುಂದಿನ ಶಿವರಾತ್ರಿಗೆ. ಒಂದ್ನೇ ಕ್ಲಾಸಿಗೆ ವಯಸ್ಸು ಸಾಲದು ಅಂತ ಮೇಷ್ಟ್ರು ಹಿಂದಕ್ಕೆ ಹಾಕಿದ್ರು. ನೀವೊಂದು ಕಾಗದ ಬರ್ಕೊಡಿ” ಎಂದರು.

ಲೋಕವೆಲ್ಲ ವಯಸ್ಸನ್ನು ಇಳಿಸಿಕೊಂಡು ಒಳಗೆ ಹೋಗುತ್ತಿರುವಾಗ ಇವನು ಏರಿಸಿದ ವಯಸ್ಸಿನಿಂದ ಹೊರಗೆ ಬಿದ್ದಿದ್ದ. ಅವರ ಮಾತು ನಿಜವೆಂದು ನನಗೆ ಅನ್ನಿಸಿತು. ನನಗಲ್ಲದೆ ಇನ್ನಾರಿಗೆ ಅನ್ನಿಸಬೇಕು? ಆದರೆ ಅನ್ನಿಸುವುದಕ್ಕೂ ತಿಳಿದಿರುವುದಕ್ಕೂ ವ್ಯತ್ಯಾಸವಿದೆ. ನಾನು ತಿಳಿದಿದ್ದೇನೆ ಎಂದು ಬರೆದುಕೊಟ್ಟರೆ, ಮಹಾನವಮಿಯನ್ನು ಜೂನ್ ೧ ಮಾಡಿದ ಮೇಷ್ಟರಿಗೂ ನನಗೂ ಏನು ಭೇದ? ಹಾಗೆಂದು ಬರೆಯಲಿಲ್ಲ. ಕೋರ್ಟಿಗೆ ಹೋಗಬೇಕಾಗುತ್ತದೆ ಎಂದು ವಿವರಿಸಿದೆ. ಅಷ್ಟರೊಳಗೆ ಶಿಬಿರವಿರಲಿ, ಹುಡುಗನ ಆ ವಯಸ್ಸೇ ಮುಗಿದಿರುತ್ತದೆಂಬುದು ಹೇಳುತ್ತಿದ್ದ ನನಗೂ ಗೊತ್ತಿತ್ತು, ಕೇಳುತ್ತಿದ್ದ ಅವರಿಗೂ ಗೊತ್ತಿತ್ತು.

ಅವರು ಸಿಟ್ಟಾಗಲಿಲ್ಲ. ಟವೆಲನ್ನು ಹೆಗಲಿಗೆ ಹಾಕಿಕೊಂಡು ಎದ್ದರು. ಬಾಗಿಲವರೆಗೆ ಹೋಗಿ ತಿರುಗಿ, “ಹಂಗಾದ್ರೆ ಸಾರ್, ಇವನ ತಾಯಿ ಬಂದು ಹೇಳಿದ್ರೆ?” ಎಂದು ಕೇಳಿದರು.

ಆ ಪ್ರಶ್ನೆಗೆ ಅಂದು ನಾನೇನು ಉತ್ತರ ಕೊಟ್ಟೆನೆಂಬುದು ನೆನಪಿಲ್ಲ. ಮೈದಾನದಲ್ಲಿ ಹುಡುಗರು ಆಡುತ್ತಿದ್ದರು. ಅವನು ಗೋಲಿನ ಹಿಂದೆ ನಿಂತು, ಹೊರಗೆ ಬಂದ ಚೆಂಡುಗಳನ್ನು ಒಳಕ್ಕೆ ಒದ್ದುಕೊಡುತ್ತಿದ್ದ.