ಬಿಟ್ಟ ಸಂದಿ, ಬಿದ್ದ ಬಿರುಕು

ಕನ್ನಡದಲ್ಲಿ ಸಂಧಿ ಎಂದರೆ ಕೂಡುವುದು, ಸಂದಿ ಎಂದರೆ ಕೂಡದೆ ಉಳಿದ ತೆರಪು. ಎರಡನೆಯದು ಮೊದಲನೆಯದರ ತದ್ಭವವೇ ಆಗಿದ್ದರೂ ಬಳಕೆಯಲ್ಲಿ ಎರಡೂ ಒಂದಕ್ಕೊಂದು ಬೆನ್ನು ತಿರುಗಿಸಿ ನಿಂತಿವೆ. ವ್ಯಾಕರಣಕಾರರು ಸಂಧಿಯ ನಿಯಮಗಳನ್ನು ಹೇಳುವಾಗಲೇ ಸಂಧಿ ಮಾಡಬಾರದ ಎಡೆಗಳನ್ನೂ ಪ್ರಕೃತಿಭಾವ ಎಂಬ ಹೆಸರಿನಲ್ಲಿ ಗುರುತಿಸಿದರು. ‘ಅಮ್ಮಾ, ಇಲ್ಲಿ ಬಾ’ ಎಂದು ದೂರದಿಂದ ಕರೆಯುವವರ ದೀರ್ಘ ಸ್ವರವನ್ನು ಮುಂದಿನ ಪದಕ್ಕೆ ಬೆಸೆದರೆ ಕರೆಯೇ ಕೆಡುತ್ತದೆ. ಕಟ್ಟಡದ ನೆಲದಲ್ಲಿಯೂ ಅಂತಹ ಎಡೆಯೊಂದಿದೆ. ಅಲ್ಲಿ ಬೆಸುಗೆ ಹಾಕುವುದು ತಪ್ಪೋ, ಬಿಡುವುದು ತಪ್ಪೋ ಎಂಬ ಪ್ರಶ್ನೆ ಗೌಂಡಿಯದ್ದಷ್ಟೇ ಅಲ್ಲ, ಅಖಂಡತೆ ಎಂದರೇನು ಎಂದು ಕೇಳುವ ದರ್ಶನದ್ದೂ ಆಗಿದೆ.

ಉದ್ದನೆಯ ಕಾಂಕ್ರೀಟ್ ಕಟ್ಟಡವನ್ನು ಭಾಗಗಳಾಗಿ ಬೇರ್ಪಡಿಸಿ, ಸ್ಲ್ಯಾಬಿನ ಪೂರ್ತಿ ದಪ್ಪಕ್ಕೂ ಬೆರಳಗಲದ ತೆರಪು ಬಿಡುವುದನ್ನು ಎಕ್ಸ್‌ಪಾನ್ಷನ್ ಜಾಯಿಂಟ್, ಅಂದರೆ ಹಿಗ್ಗುಸಂದಿ ಎನ್ನುತ್ತಾರೆ. 45 ಮೀಟರಿಗಿಂತ ಉದ್ದವಾದ ಕಟ್ಟಡಗಳಿಗೆ ಇಂತಹ ಸಂದಿ ಇರಬೇಕೆಂಬುದು 2000ರ ಭಾರತೀಯ ಮಾನಕ ಐಎಸ್ 456ರ ಸಾಮಾನ್ಯ ಸೂಚನೆ. ಕಾಂಕ್ರೀಟು ಒಂದು ಡಿಗ್ರಿ ಸೆಲ್ಸಿಯಸ್ ಬಿಸಿಯೇರಿದರೆ ತನ್ನ ಉದ್ದದ ಹತ್ತು ಲಕ್ಷದಲ್ಲಿ ಸುಮಾರು 10 ಪಾಲು ಹಿಗ್ಗುತ್ತದೆ. ಆದ್ದರಿಂದ 30 ಮೀಟರ್ ಉದ್ದದ ಸ್ಲ್ಯಾಬು 30 ಡಿಗ್ರಿ ಕಾದಾಗ 9 ಮಿಲಿಮೀಟರ್ ಬೆಳೆದಿರುತ್ತದೆ, ತಣಿದಾಗ ಅಷ್ಟೇ ಹಿಂದಕ್ಕೆ ಸರಿಯುತ್ತದೆ. ಆ ತೆರಪಿನ ಮೇಲೆ ಅಡ್ಡಲಾಗಿ ಕೂರಿಸಿದ ಸೆರಾಮಿಕ್ ಟೈಲ್ಸ್ ಬಾಗುವ ವಸ್ತುವಲ್ಲ. ಬೆಂಕಿಯಲ್ಲಿ ಬೆಂದು ಗಟ್ಟಿಯಾದ ಮಣ್ಣದು. ಅದರ ಒಂದು ಅಂಚು ಒಂದು ಸ್ಲ್ಯಾಬಿಗೆ, ಇನ್ನೊಂದು ಅಂಚು ಮತ್ತೊಂದು ಸ್ಲ್ಯಾಬಿಗೆ ಅಂಟಿಕೊಂಡಿರುವುದರಿಂದ ಎರಡೂ ಕಡೆಯ ಎಳೆತಕ್ಕೆ ಅದು ನಡುವೆ ಸೀಳುತ್ತದೆ, ಇಲ್ಲವೇ ಅಡಿಯ ಸಿಮೆಂಟಿನಿಂದ ಬಿಡಿಸಿಕೊಂಡು ಬೆರಳ ಗೆಣ್ಣಿನಿಂದ ಬಡಿದಾಗ ಪೊಳ್ಳು ಸದ್ದು ಕೊಡುತ್ತದೆ. ಹಿಗ್ಗಿದ ಸ್ಲ್ಯಾಬುಗಳು ಎರಡು ಬದಿಯಿಂದ ಒತ್ತಿದಾಗ ಅಕ್ಕಪಕ್ಕದ ಎರಡು ಟೈಲ್ಸ್ ಗುಡಾರದಂತೆ ಎದ್ದು ನಿಲ್ಲುವುದೂ ಉಂಟು. ಕಾಂಕ್ರೀಟು ಒಣಗುವಾಗ ಕುಗ್ಗಿ ಬಿರಿಯುವ ಜಾಗವನ್ನು ಮೊದಲೇ ಗೀರಿ ಗೊತ್ತುಮಾಡುವ ಕುಗ್ಗುಸಂದಿಯ ಮಾತು ಬೇರೆ: ಅದರ ಮೇಲೆ ಹಿಗ್ಗಬಲ್ಲ ಪದರ ಹಾಸಿ ಟೈಲ್ಸ್ ದಾಟಿಸುವ ಉಪಾಯಗಳಿವೆ. ಹಿಗ್ಗುಸಂದಿಗೆ ಆ ರಿಯಾಯಿತಿ ಇಲ್ಲ. ಕೆಳಗಿನ ತೆರಪು ಅದೇ ಗೆರೆಯಲ್ಲಿ, ಕಡಿಮೆಯಾಗದ ಅಗಲದಲ್ಲಿ, ಟೈಲ್ಸಿನ ಮೇಲ್ಮೈವರೆಗೂ ಏರಿ ಬರಲೇಬೇಕು.

ಬೀದರ ಜಿಲ್ಲೆಯಲ್ಲಿ ನೆಲವೂ ಈ ವಾದದಲ್ಲಿ ಪಾಲು ತೆಗೆದುಕೊಳ್ಳುತ್ತದೆ. ಬೀದರ ನಗರ ಮತ್ತು ಅದರ ಕೋಟೆ ಜಂಬಿಟ್ಟಿಗೆ ಕಲ್ಲಿನ ಪ್ರಸ್ಥಭೂಮಿಯ ಮೇಲಿವೆ. ಅದು ಕೊರೆಯಲು ಮೃದು, ಗಾಳಿಗೆ ಬಿಟ್ಟರೆ ಗಟ್ಟಿಯಾಗುವ ಕಲ್ಲು. ಭಾಲ್ಕಿ, ಔರಾದ ಕಡೆ ಇಳಿದರೆ ಎರೆಮಣ್ಣು ಎದುರಾಗುತ್ತದೆ. ಮಳೆಗಾಲದಲ್ಲಿ ನೀರು ಕುಡಿದು ಉಬ್ಬುವ, ಬೇಸಗೆಯಲ್ಲಿ ಅಂಗೈ ಇಳಿಯುವಷ್ಟು ಬಾಯಿ ಬಿಡುವ ಈ ಮಣ್ಣು ಕಟ್ಟಡವನ್ನು ಹೊತ್ತುಕೊಂಡೇ ಉಸಿರಾಡುತ್ತದೆ. ಹಿಗ್ಗುಸಂದಿಯೊಂದರಿಂದಲೇ ಎರೆಮಣ್ಣಿನ ಕಾಟ ತೀರುವುದಿಲ್ಲ, ಅದಕ್ಕೆ ತಳಪಾಯದ ಉಪಾಯವೇ ಬೇರೆ ಬೇಕು. ಆದರೆ ನೆಲ ಅಚಲವೆಂಬ ನಂಬಿಕೆಯನ್ನು ಇಲ್ಲಿಯ ರೈತ ಎಂದೂ ಇಟ್ಟುಕೊಂಡವನಲ್ಲ. ಅದು ಟೈಲ್ಸ್ ಆರಿಸಲು ಅಂಗಡಿಗೆ ಹೋದಾಗ ಮಾತ್ರ ಅವನಿಗೂ ಅಂಟಿಕೊಳ್ಳುತ್ತದೆ.

ಹಾಗೆ ಅಂಟಿಕೊಳ್ಳಲು ಧಾರ್ಮಿಕವಾದ ಕಾರಣವೂ ಉಂಟು. ಭಿನ್ನವಾದ ವಿಗ್ರಹಕ್ಕೆ ಪೂಜೆ ಸಲ್ಲದು, ಹರಿದ ಎಲೆಯಲ್ಲಿ ಎಡೆ ಇಡಬಾರದು, ದೀಪ ಉರಿದರೆ ಅಖಂಡವಾಗಿ ಉರಿಯಬೇಕು ಎಂಬ ಸಂಸ್ಕಾರದಲ್ಲಿ ಬೆಳೆದ ಕಣ್ಣಿಗೆ ದೇವರ ಕೋಣೆಯ ಮುಂದೆಯೋ ಕಲ್ಯಾಣಮಂಟಪದ ನಡುವೆಯೋ ಹಾದುಹೋಗುವ ಕಪ್ಪು ಗೆರೆ ಬಿರುಕಿನಂತೆಯೇ ಕಾಣುತ್ತದೆ. ಬಿಟ್ಟ ಸಂದಿಯನ್ನು ಬಿದ್ದ ಬಿರುಕೆಂದು ತಿಳಿದು ಅದನ್ನು ಮುಚ್ಚಿಸುವವರು, ಒಂದೆರಡು ಬೇಸಗೆಗಳಲ್ಲಿ ನಿಜವಾದ ಬಿರುಕನ್ನೇ ಬರಮಾಡಿಕೊಳ್ಳುತ್ತಾರೆ.

ಈ ತಪ್ಪನ್ನು ಹೆಸರಿಟ್ಟು ಹೇಳಲು ವೈಶೇಷಿಕ ದರ್ಶನದಷ್ಟು ಒದಗುವುದು ಬೇರೊಂದಿಲ್ಲ. ಕಣಾದನ ಈ ಪರಂಪರೆ ಎರಡು ಬಗೆಯ ಸಂಬಂಧಗಳನ್ನು ಬೇರೆಬೇರೆಯಾಗಿ ನೋಡುತ್ತದೆ. ಬಿಡಿಸಲಾಗದಂತೆ ಇರುವವುಗಳ ಸಂಬಂಧ ಸಮವಾಯ: ಬಟ್ಟೆಗೂ ನೂಲಿಗೂ, ಹೂವಿಗೂ ಅದರ ಬಣ್ಣಕ್ಕೂ ಇರುವಂಥದು. ಬೇರೆಬೇರೆಯಾಗಿಯೇ ಇರಬಲ್ಲ ಎರಡು ದ್ರವ್ಯಗಳು ಬಂದು ತಾಗಿದರೆ ಅದು ಸಂಯೋಗ. ಸಂಯೋಗವು ಒಂದು ಗುಣ ಮಾತ್ರ, ಹುಟ್ಟುವಂಥದು, ಸಾಯುವಂಥದು. ಯಾವುದಾದರೂ ಒಂದರಲ್ಲಿ ಚಲನೆ ಹುಟ್ಟಿದರೆ ಅದರಿಂದ ವಿಭಾಗ ಉಂಟಾಗುತ್ತದೆ, ವಿಭಾಗವು ಸಂಯೋಗವನ್ನು ನಾಶ ಮಾಡುತ್ತದೆ. ಟೈಲ್ಸ್ ಏಳುವ ವಿವರವನ್ನು ಇದಕ್ಕಿಂತ ಬಿಗಿಯಾಗಿ ಯಾವ ಎಂಜಿನಿಯರಿಂಗ್ ಪುಸ್ತಕವೂ ಕೊಡಲಾರದು. ಸಿಮೆಂಟಿನಿಂದ ಅಂಟಿಸಿದ ಮಾತ್ರಕ್ಕೆ ಸಂಯೋಗವು ಸಮವಾಯವಾಗುವುದಿಲ್ಲ. ಎರಡು ಸ್ಲ್ಯಾಬುಗಳ ಮೇಲೆ ಒಂದು ಟೈಲ್ಸ್ ಕೂರಿಸುವವನು ಅವು ಒಂದೇ ಅವಯವಿ, ಅಂದರೆ ಅಂಗಗಳಿಂದಾದ ಒಂದೇ ವಸ್ತು, ಎಂದು ಸುಳ್ಳು ಸಾಕ್ಷಿ ಹೇಳಿದಂತಾಗುತ್ತದೆ.

ಬಸವಕಲ್ಯಾಣ ಇದೇ ಜಿಲ್ಲೆಯಲ್ಲಿರುವುದರಿಂದ ಸ್ಥಾವರ ಮತ್ತು ಜಂಗಮಗಳ ಮಾತು ಇಲ್ಲಿ ಬಾರದೆ ಇರದು. ನಿಂತದ್ದು ಅಳಿಯುತ್ತದೆ, ನಡೆಯುವುದು ಅಳಿಯದು ಎಂಬ 12ನೆಯ ಶತಮಾನದ ಶರಣರ ನಿಲುವನ್ನು ಹಿಡಿದು, ಸಂದಿ ಬಿಟ್ಟ ನೆಲವೇ ಜಂಗಮ ಎಂದುಬಿಡುವುದು ಸುಲಭ, ಆದರೆ ಅದು ಸಡಿಲ ಮಾತು. ಜಂಗಮವೆಂದರೆ ಬರಿಯ ಅಲುಗಾಟವಲ್ಲ, ಅರಿವುಳ್ಳ ಜೀವದ ನಡೆ. 9 ಮಿಲಿಮೀಟರ್ ಸರಿದಾಡುವ ಕಾಂಕ್ರೀಟಿಗೆ ಆ ಗೌರವ ಸಲ್ಲದು. ಸ್ಥಾವರವು ಸ್ಥಾವರವೇ. ಶರಣರ ಮಾತಿನಿಂದ ಇಲ್ಲಿ ಪಡೆಯಬಹುದಾದದ್ದು ಇಷ್ಟು: ತಾನು ಅಳಿಯುವಂಥದೆಂದು ಒಪ್ಪಿಕೊಂಡು ಕಟ್ಟಿದ ಸ್ಥಾವರಕ್ಕೂ, ಒಪ್ಪದೆ ಕಟ್ಟಿದ್ದಕ್ಕೂ ವ್ಯತ್ಯಾಸವಿದೆ.

ಮುಚ್ಚುವುದೆಲ್ಲ ಸುಳ್ಳೂ ಅಲ್ಲ. ನಿಜಾಮರ ಆಳ್ವಿಕೆಯಲ್ಲಿ ಭಾಲ್ಕಿಯ ಹಿರೇಮಠದ ಚನ್ನಬಸವ ಪಟ್ಟದ್ದೇವರು ಹೊರಗೆ ಉರ್ದು ಫಲಕ ಹಾಕಿ ಒಳಗೆ ಕನ್ನಡ ಕಲಿಸಿದರು. ಆ ಹೊದಿಕೆ ಒಳಗಿನ ಚಲನೆಗೆ ಎಡೆ ಮಾಡಿಕೊಟ್ಟಿತ್ತು, ಅದನ್ನು ತಡೆಯಲಿಲ್ಲ. ಬೀದರಿನಲ್ಲಿ ಮಹಮೂದ್ ಗವಾನ್ 1472ರಲ್ಲಿ ಮುಗಿಸಿದ ಮದರಸಾದ ಮುಖಕ್ಕೆ ಬಣ್ಣದ ಮೆರುಗಿನ ಟೈಲ್ಸ್ ಹೊದಿಸಿದ್ದರು. 17ನೆಯ ಶತಮಾನದ ಕೊನೆಯಲ್ಲಿ ಮದ್ದು ಸಿಡಿದು ಕಟ್ಟಡದ ಒಂದು ಪಾಲು ಹಾರಿಹೋಯಿತು. ಸಿಡಿತ ತಾಗದ ಗೋಡೆಗಳಲ್ಲೂ ಬಹುಪಾಲು ಹೊದಿಕೆ ಕಾಲಕ್ರಮದಲ್ಲಿ ಉದುರಿದೆ. ಉಳಿದ ಮಿನಾರಿನ ಮೇಲೆ ಅಂಕುಡೊಂಕು ಸಾಲುಗಳ ಚೂರುಗಳು ಇನ್ನೂ ಕಾಣುತ್ತವೆ, ಅವುಗಳ ನಡುವೆ ಬರಿಯ ಗೋಡೆ ಸುಮ್ಮನೆ ನಿಂತಿದೆ. ಹೊದಿಕೆ ಮತ್ತು ಗೋಡೆ ಎಂದೂ ಒಂದಾಗಿರಲಿಲ್ಲ ಎಂಬುದು ಅಲ್ಲಿ ಕಣ್ಣಿಗೇ ತಿಳಿಯುತ್ತದೆ.

ಈಗಿನ ಸಭಾಂಗಣಗಳಲ್ಲಿ ತಿಳಿದ ಗೌಂಡಿ ಮಾಡುವ ಕೆಲಸ ದೊಡ್ಡದೇನಲ್ಲ. ಸಂದಿಯ ಎರಡು ದಂಡೆಗೂ ಟೈಲ್ಸನ್ನು ನೇರವಾಗಿ ಕತ್ತರಿಸಿ ನಿಲ್ಲಿಸುತ್ತಾನೆ, ತೆರಪಿನಲ್ಲಿ ಬಿದ್ದ ಸಿಮೆಂಟಿನ ಕಸವನ್ನು ಕೆದರಿ ತೆಗೆಯುತ್ತಾನೆ, ಫೋಮಿನ ಹುರಿಯನ್ನು ಒತ್ತಿ ಮೇಲೆ ಸಿಲಿಕೋನ್ ತುಂಬುತ್ತಾನೆ ಅಥವಾ ಅಲ್ಯೂಮಿನಿಯಂ ಪಟ್ಟಿ ಕೂರಿಸುತ್ತಾನೆ. ಗೆರೆ ಕಾಣುತ್ತದೆಂದು ಕಟ್ಟಿಸಿದವರು ಮುನಿಸಿಕೊಂಡರೆ ಅದರ ಮೇಲೆ ಒಂದು ಜಮಖಾನ ಹಾಸಿದರೆ ಸಾಕು. ಬಟ್ಟೆ ಎರಡೂ ಕಡೆ ಸರಿದಾಡಬಲ್ಲದು, ಬೆಳಿಗ್ಗೆ ಕಸ ಗುಡಿಸುವಾಗ ಅದನ್ನು ಮಡಚಿ ಬದಿಗಿಡಲೂ ಬರುತ್ತದೆ.